ಬಾಡಿಗೆ ಮನೆಯಲ್ಲೊಂದು ವಿಮಾನ: ದೇಹೂ ರೋಡಿನ ಬಿಚ್ಚಿ ಜೋಡಿಸುವ ಕಾಕ್‌ಪಿಟ್

ದೇಹೂ ರೋಡ್ ಎಂದೊಡನೆ ಪುಣೆಯ ಕನ್ನಡಿಗರಿಗೆ ನೆನಪಾಗುವುದು ಸೇನೆಯ ಡಿಪೋ, ಆರ್ಡನೆನ್ಸ್ ಫ್ಯಾಕ್ಟರಿ, ಲೋನಾವಳಾ ಲೋಕಲ್ ಮತ್ತು ಸಮೀಪದಲ್ಲೇ ಇರುವ ಸಂತ ತುಕಾರಾಮರ ದೇಹೂ ಕ್ಷೇತ್ರ. 1954ರ ಡಿಸೆಂಬರ್ 25ರಂದು ಡಾ. ಬಾಬಾಸಾಹೇಬ ಅಂಬೇಡ್ಕರರು ಬುದ್ಧನ ಮೂರ್ತಿಯನ್ನು ಪ್ರತಿಷ್ಠಾಪಿಸಿದ್ದು ಇದೇ ಊರಿನಲ್ಲಿ. ವಿಮಾನಕ್ಕೂ ಈ ಊರಿಗೂ ಹೇಳಿಕೊಳ್ಳುವಂಥ ನಂಟೇನೂ ಇಲ್ಲ. ಲೋಹೆಗಾಂವ್ ವಿಮಾನ ನಿಲ್ದಾಣ ಇಲ್ಲಿಂದ ಹೆಚ್ಚುಕಡಿಮೆ ಮೂವತ್ತು ಕಿಲೋಮೀಟರ್ ದೂರ. ಸೇನಾ ಪ್ರದೇಶವಾದ್ದರಿಂದ ಡ್ರೋನ್ ಹಾರಿಸಿದರೆ ಠಾಣೆಗೆ ಹೋಗಬೇಕಾದೀತು. ಆದರೆ ಮನೆಯ ನಾಲ್ಕು ಗೋಡೆಗಳೊಳಗೆ ಬೋಯಿಂಗ್ 737 ಹಾರಿಸುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ವಿಕಾಸ ನಗರದ ಕಡೆ ಎರಡು ಕೋಣೆಗಳ ಬಾಡಿಗೆ ಮನೆಯಲ್ಲಿ ಇರುವ ನನ್ನ ಅಕ್ಕನ ಮಗ ಮಾಡುತ್ತಿರುವುದು ಅದನ್ನೇ.

ವಿಮಾನದ ಚಾಲಕರು ಕೂರುವ ಕಾಕ್‌ಪಿಟ್‌ನ ಪ್ರತಿರೂಪವನ್ನು ಮನೆಯಲ್ಲೇ ಕಟ್ಟಿ, ಅದನ್ನು ಕಂಪ್ಯೂಟರಿನ ಫ್ಲೈಟ್ ಸಿಮ್ಯುಲೇಟರ್‌ಗೆ ಜೋಡಿಸಿ, ಕೂತಲ್ಲೇ ಊರೂರು ಹಾರುವ ಈ ಹವ್ಯಾಸ ಜಗತ್ತಿನ ಹಲವು ಕಡೆ ಇದೆ. ಫ್ರಾನ್ಸಿನಲ್ಲಿ ವೇಟರ್ ಕೆಲಸ ಮಾಡುವ ಒಬ್ಬರು ಮಕ್ಕಳ ಮಲಗುವ ಕೋಣೆಯಲ್ಲೇ 737ರ ಕಾಕ್‌ಪಿಟ್ ಕಟ್ಟಿದ್ದು 2013ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಹೋಟೆಲ್ ಉದ್ಯಮದಲ್ಲಿರುವ ನಮ್ಮ ಬಂಧುಗಳು ಇದನ್ನು ಗಮನಿಸಬೇಕು! ಆಸ್ಟ್ರೇಲಿಯಾದಲ್ಲಿ ಹವ್ಯಾಸಿಗಳು ತಾವೇ ಕಟ್ಟಿದ ಸಿಮ್ಯುಲೇಟರ್‌ಗಳಲ್ಲಿ ಪಾಳಿಯ ಮೇಲೆ ಕುಳಿತು ಭೂಮಿಗೆ ಒಂದು ಸುತ್ತು ಹಾಕಿ, 'ವರ್ಲ್ಡ್ ಫ್ಲೈಟ್' ಎಂಬ ಹೆಸರಿನಲ್ಲಿ ಅಲ್ಲಿನ ರಾಯಲ್ ಫ್ಲೈಯಿಂಗ್ ಡಾಕ್ಟರ್ ಸೇವೆಗೆ ದೇಣಿಗೆ ಕೂಡಿಸುತ್ತಾರೆ.

ಅವರಿಗೆಲ್ಲ ಸ್ವಂತ ಮನೆ, ಗ್ಯಾರೇಜು ಇರುತ್ತದೆ. ನಮ್ಮ ಕಥೆ ಬೇರೆ. ಮಹಾರಾಷ್ಟ್ರದಲ್ಲಿ ಬಾಡಿಗೆಯ ಕರಾರು ಸಾಮಾನ್ಯವಾಗಿ ಹನ್ನೊಂದು ತಿಂಗಳಿಗೆ. ಹನ್ನೆರಡನೆಯ ತಿಂಗಳು ಮಾಲೀಕರ ಮನಸ್ಸು ಹೇಗಿರುತ್ತದೋ ಹೇಳಲಾಗದು. ಊರು ಬಿಟ್ಟು ಬಂದ ನಮ್ಮ ಹುಡುಗರು ಟ್ರಂಕು, ಗ್ಯಾಸ್ ಒಲೆ, ಹಾಸಿಗೆ ಹೊತ್ತುಕೊಂಡು ಚಿಂಚವಾಡದಿಂದ ನಿಗಡಿಗೆ, ನಿಗಡಿಯಿಂದ ದೇಹೂ ರೋಡಿಗೆ ತಿರುಗುವುದು ಹೊಸದೇನಲ್ಲ. ಅದರ ಜೊತೆಗೆ ಒಂದು ವಿಮಾನವನ್ನೂ ಹೊತ್ತು ತಿರುಗಬೇಕೆಂದರೆ?

ಬಾಗಿಲು ಮೂವತ್ತು ಇಂಚು

ಹುಡುಗ ಮೂಲತಃ ಚಿಕ್ಕೋಡಿ ತಾಲೂಕಿನವನು. ಹನ್ನೆರಡನೆಯ ತರಗತಿಯವರೆಗೆ ವಿಜ್ಞಾನ ಓದಿ, ಆಮೇಲೆ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಚಾಕಣದ ಒಂದು ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸಕ್ಕೆ ಸೇರಿದ್ದಾನೆ. ಮೊದಲ ಸಲ ಅವನು ಕಾಕ್‌ಪಿಟ್ ಕಟ್ಟಿದ್ದು 18 ಮಿಲಿಮೀಟರ್ ಪ್ಲೈವುಡ್ಡಿನಲ್ಲಿ, ಒಂದೇ ಅಖಂಡ ಪೆಟ್ಟಿಗೆಯಾಗಿ. ಕೋಣೆಯೊಳಗೇ ಕಟ್ಟಿದ್ದರಿಂದ ಅದರ ಅಗಲ ನಾಲ್ಕು ಅಡಿ ಎಂಬುದು ಯಾರಿಗೂ ತೊಡಕಾಗಿ ಕಾಣಲಿಲ್ಲ. ಮನೆ ಖಾಲಿ ಮಾಡುವ ದಿನ ಟೆಂಪೋ ಕೆಳಗೆ ಬಂದು ನಿಂತಿತ್ತು. ಬಾಗಿಲು ನೋಡಿದರೆ ಮೂವತ್ತು ಇಂಚು. 'ಮಾಮಾ, ಇದು ಹೊರಗ ಹೋಗಂಗಿಲ್ಲ' ಎಂದು ಅವನು ಫೋನಿನಲ್ಲಿ ಹೇಳಿದಾಗ ನನಗೆ ನಗು ಬಂತು. ಕೊನೆಗೆ ಗರಗಸ ಹಿಡಿದು ಮೂರು ತುಂಡು ಮಾಡಿ ಇಳಿಸಿದರು. ಊರಿನಿಂದ ಬಂದಿದ್ದ ಅಕ್ಕ ಕಣ್ಣಲ್ಲಿ ನೀರು ಹಾಕಿದಳು. ಹುಡುಗ ಅಳುವ ಬದಲು ಟೇಪು ತೆಗೆದುಕೊಂಡು ಹೊಸ ಮನೆಯ ಬಾಗಿಲು, ಜಿನೆಯ ತಿರುವು, ಮಾಳಿಗೆಯ ಕಟ್ಟೆ ಎಲ್ಲವನ್ನೂ ಅಳೆದು ಬರೆದಿಟ್ಟುಕೊಂಡ.

ಎರಡನೆಯ ಕಾಕ್‌ಪಿಟ್ ಆ ಅಳತೆಯ ಮೇಲೆ ಹುಟ್ಟಿದ್ದು. ಯಾವ ಭಾಗವೂ 28 ಇಂಚಿಗಿಂತ ಅಗಲವಿಲ್ಲ, ಒಬ್ಬನೇ ಎತ್ತಲಾರದಷ್ಟು ಭಾರವಿಲ್ಲ. ಮುಂದಿನ ಮಾಪಕಗಳ ಫಲಕ ಒಂದು ಪೆಟ್ಟಿಗೆ, ಅದರ ಮೇಲಿನ ಆಟೋಪೈಲಟ್ ಪಟ್ಟಿ ಇನ್ನೊಂದು, ನಡುವಿನ ಥ್ರಾಟಲ್ ಮತ್ತೊಂದು, ಕಾಲ ಬುಡದ ರಡ್ಡರ್ ಪೆಡಲು ಬೇರೆ, ತಲೆಯ ಮೇಲಿನ ಸ್ವಿಚ್ಚುಗಳ ಫಲಕ ಬೇರೆ. ಇವೆಲ್ಲ ನಿಲ್ಲುವುದು ಅಲ್ಯೂಮಿನಿಯಂ ಪ್ರೊಫೈಲಿನ ಚೌಕಟ್ಟಿನ ಮೇಲೆ. ಕಾರ್ಖಾನೆಗಳಲ್ಲಿ ಜಿಗ್, ಮೇಜು, ಕನ್ವೇಯರ್ ಕಟ್ಟಲು ಬಳಸುವ, ನಾಲ್ಕೂ ಬದಿಯಲ್ಲಿ ಗಾಡಿ ಇರುವ ಅಲ್ಯೂಮಿನಿಯಂ ಕೋಲುಗಳಿವೆಯಲ್ಲ, ಅವೇ. ಭೋಸರಿ, ಚಾಕಣ ಕಡೆ ಕೆಲಸ ಮಾಡುವವರಿಗೆ ಇದು ಚಿರಪರಿಚಿತ. ಒಂದು ಅಲೆನ್ ಕೀ ಇದ್ದರೆ ಇಡೀ ಚೌಕಟ್ಟನ್ನು ಬಿಚ್ಚಿ ಕಟ್ಟಬಹುದು. ವೆಲ್ಡಿಂಗ್ ಬೇಡ, ಮೊಳೆ ಬೇಡ, ಮಾಲೀಕರ ಗೋಡೆಗೆ ರಂಧ್ರವೂ ಬೇಡ.

ಬಿಡಿ ಭಾಗಗಳ ಈ ಉಪಾಯ ಅವನು ಕಂಡುಹಿಡಿದದ್ದೇನಲ್ಲ. ನಿಜವಾದ ವಿಮಾನದಲ್ಲೂ ಇಬ್ಬರು ಪೈಲಟ್‌ಗಳ ನಡುವಿನ ರೇಡಿಯೋ ಮುಂತಾದ ಫಲಕಗಳು ಬಿಡಿಬಿಡಿಯಾಗಿಯೇ ಇರುತ್ತವೆ. ಅವುಗಳ ಅಗಲ ಐದೂ ಮುಕ್ಕಾಲು ಇಂಚು, ಅಂದರೆ 146 ಮಿಲಿಮೀಟರ್. ಅಂಚಿನ ಹಳಿಯಲ್ಲಿ ಇಂಚಿನ ಎಂಟರಲ್ಲಿ ಮೂರು ಪಾಲಿನಷ್ಟು ಅಂತರಕ್ಕೊಂದು ತೂತು. 'ಡ್ಜೂಸ್' ಎಂಬ ಒಂದು ಜಾತಿಯ ತಿರುಪನ್ನು ಕಾಲು ಸುತ್ತು ತಿರುಗಿಸಿದರೆ ಫಲಕ ಕೈಗೆ ಬರುತ್ತದೆ. ಕೆಟ್ಟದ್ದನ್ನು ತೆಗೆದು ಒಳ್ಳೆಯದನ್ನು ಕೂರಿಸಿ ವಿಮಾನವನ್ನು ಹೊರಡಿಸಲು ಮಾಡಿದ ಏರ್ಪಾಡು ಇದು. ಮನೆಯಲ್ಲಿ ಕಟ್ಟುವವರು ಇದೇ ಅಳತೆಯನ್ನು ಹಿಡಿದರೆ ನಾಳೆ ಬೇರೆಯವರ ಫಲಕವೂ ತಮ್ಮ ಚೌಕಟ್ಟಿಗೆ ಕೂರುತ್ತದೆ. ಚಿಕ್ಕ ಸೆಸ್ನಾ 172ರ ಕಾಕ್‌ಪಿಟ್ ಕಟ್ಟುವವರಿಗೆ ಇನ್ನೂ ಸುಲಭ. ಅದರ ವೇಗ, ಎತ್ತರ, ದಿಕ್ಕು ಮುಂತಾದ ಆರು ಮುಖ್ಯ ಮಾಪಕಗಳೂ ಮೂರು ಇಂಚು ಚಿಲ್ಲರೆಯ ಒಂದೇ ಅಳತೆಯ ದುಂಡು ತೂತುಗಳಲ್ಲಿ ಕೂರುತ್ತವೆ.

ಒಳಗಿನ ವಿದ್ಯುತ್ ಕೆಲಸವನ್ನು ನಾನು ಅರ್ಥ ಮಾಡಿಕೊಂಡಷ್ಟು ಹೇಳುತ್ತೇನೆ. 2005ರಲ್ಲಿ ಇಟಲಿಯ ಇವ್ರಿಯಾ ಎಂಬ ಊರಿನಲ್ಲಿ ವಿದ್ಯಾರ್ಥಿಗಳಿಗಾಗಿ ಹುಟ್ಟಿದ ಆರ್ಡುಯಿನೊ ಎಂಬ ಪುಟ್ಟ ಬೋರ್ಡು ಇದರ ಜೀವಾಳ. ಅದರಲ್ಲಿ 'ಮೆಗಾ' ಎಂಬ ಮಾದರಿಗೆ ಸ್ವಿಚ್ಚು ಮುಂತಾದವನ್ನು ಜೋಡಿಸಲು 54 ಕಾಲುಗಳು, ಏರಿಳಿತ ಅಳೆಯಲು 16 ಕಾಲುಗಳು ಬೇರೆ. ಥ್ರಾಟಲ್ ಹಿಡಿಗೆ ಹಳೆ ರೇಡಿಯೋದ ವಾಲ್ಯೂಮ್ ಗುಬುಟಿನಂಥದ್ದೇ ಒಂದು ಪೊಟೆನ್ಶಿಯೋಮೀಟರ್ ಕಟ್ಟಿರುತ್ತದೆ. ಹಿಡಿ ಜರುಗಿದಂತೆ ಬೋರ್ಡು ಸೊನ್ನೆಯಿಂದ 1023ರವರೆಗೆ ಒಂದು ಅಂಕಿ ಓದಿ ಕಂಪ್ಯೂಟರಿಗೆ ತಿಳಿಸುತ್ತದೆ. ಸ್ವಿಚ್ಚುಗಳು ಹೆಚ್ಚಾದಾಗ ಒಂದೊಂದಕ್ಕೂ ಒಂದು ತಂತಿ ಎಳೆಯದೆ ಚೌಕಾಬಾರದ ಮನೆಗಳಂತೆ ಎಂಟು ಅಡ್ಡ, ಎಂಟು ಉದ್ದ ತಂತಿ ಹಾಕುತ್ತಾರೆ. ಹದಿನಾರು ತಂತಿಗಳಲ್ಲಿ 64 ಸ್ವಿಚ್ಚು! ಕೆಲವನ್ನು ಒಟ್ಟಿಗೆ ಒತ್ತಿದಾಗ ಒತ್ತದ ಸ್ವಿಚ್ಚನ್ನೂ ಒತ್ತಿದಂತೆ ತಪ್ಪು ಓದದಿರಲು ಪ್ರತಿ ಸ್ವಿಚ್ಚಿಗೂ ಒಂದು ಡಯೋಡ್ ಬೇಕು. ಇವನ್ನೆಲ್ಲ ಸಿಮ್ಯುಲೇಟರ್‌ಗೆ ಹೊಂದಿಸುವ 'ಮೊಬಿಫ್ಲೈಟ್' ಎಂಬ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ.

ನನಗೆ ತುಂಬ ಹಿಡಿಸಿದ್ದು ಇದಾವುದೂ ಅಲ್ಲ, ಅವನ ಪ್ಲಗ್ಗುಗಳು. ಪ್ರತಿ ಪೆಟ್ಟಿಗೆಯ ಹಿಂದೆ ಒಂದೇ ಒಂದು ಪ್ಲಗ್ಗು, ಹಳೆಯ ಪ್ರಿಂಟರುಗಳಿಗೆ ಇರುತ್ತಿದ್ದ ಇಪ್ಪತ್ತೈದು ಸೂಜಿಯದ್ದು. ನಮ್ಮ ಬ್ಯಾಂಕಿನಲ್ಲಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರುಗಳ ಕಾಲ ಮುಗಿದ ಮೇಲೆ ಈ ಕೇಬಲ್ಲುಗಳನ್ನು ಗುಜರಿಗೆ ಹಾಕಿದ್ದನ್ನು ಕಣ್ಣಾರೆ ಕಂಡವನು ನಾನು. ಅವನಿಗೆ ಅವು ಸಿಕ್ಕಿದ್ದು ಪುಣೆಯ ಜುನಾ ಬಜಾರಿನಲ್ಲಿ. ಬುಧವಾರ ಮತ್ತು ಭಾನುವಾರ ನೆರೆಯುವ ಈ ಸಂತೆಯಲ್ಲಿ ಹಳೆಯ ಸ್ವಿಚ್ಚು, ಮೀಟರು, ಮೋಟರು ಎಲ್ಲ ತೂಕದ ಲೆಕ್ಕದಲ್ಲಿ ಸಿಗುತ್ತವೆ. ಹೊಸ ಸಾಮಾನು ಬೇಕಾದರೆ ಬುಧವಾರ ಪೇಟೆಯ ತಾಪಕೀರ್ ಗಲ್ಲಿ ಇದ್ದೇ ಇದೆ. ಪ್ರತಿ ತಂತಿಯ ಎರಡೂ ತುದಿಗೆ ನಂಬರಿನ ಚೀಟಿ, ಆ ನಂಬರುಗಳಿಗೆ ಒಂದು ವಹಿ. ಈಗ ಮನೆ ಬದಲಿಸಬೇಕಾದರೆ ಬಿಚ್ಚಲು ಒಂದು ಗಂಟೆ, ಕಟ್ಟಲು ಎರಡು ಗಂಟೆ ಸಾಕು. ಲೆಡ್ಜರ್ ಬರೆದು ಬೆಳೆದ ನನ್ನಂಥವನಿಗೆ ಆ ವಹಿ ನೋಡಿ ಆದ ಸಂತೋಷ ಇಷ್ಟಿಷ್ಟಲ್ಲ.

ಹಾರ್ಮೋನಿಯಂನಿಂದ ಹುಟ್ಟಿದ ವಿದ್ಯೆ

ಸಿಮ್ಯುಲೇಟರ್ ಎಂದರೆ ಕಂಪ್ಯೂಟರ್ ಯುಗದ ಆಟಿಕೆ ಎಂದು ನಾವು ತಿಳಿದಿರುತ್ತೇವೆ. ಹಾಗಲ್ಲ. ಅಮೆರಿಕದ ಬಿಂಗ್‌ಹ್ಯಾಮ್ಟನ್ ಪಟ್ಟಣದಲ್ಲಿ ಆರ್ಗನ್ ವಾದ್ಯ ತಯಾರಿಸುವ ಮನೆತನದ ಎಡ್ವಿನ್ ಲಿಂಕ್ ಎಂಬ ಯುವಕ 1929ರಲ್ಲಿ ತನ್ನ ತರಬೇತಿ ಯಂತ್ರವನ್ನು ರೂಪಿಸಿದ. ವಿಮಾನ ಕಲಿಯಲು ಹಣ ಸಾಲದೆ ಹೊಳೆದ ಉಪಾಯ ಅದು. ಭಜನೆಯ ಹಾರ್ಮೋನಿಯಂನಲ್ಲಿ ತಿದಿ ಇರುವಂತೆ ಆರ್ಗನ್ನಿನಲ್ಲೂ ಗಾಳಿಯ ತಿದಿ ಇರುತ್ತದೆ. ಅದೇ ತಿದಿಗಳ ಮೇಲೆ ಒಂದು ಪುಟ್ಟ ಮರದ ವಿಮಾನ ಕೂರಿಸಿ, ಕೋಲು ಎಳೆದರೆ ಮೂತಿ ಮೇಲೇಳುವಂತೆ, ಪೆಡಲು ತುಳಿದರೆ ತಿರುಗುವಂತೆ ಮಾಡಿದ. ಆರಂಭದಲ್ಲಿ ಕೊಂಡವರು ಜಾತ್ರೆ, ಮನರಂಜನಾ ಪಾರ್ಕುಗಳವರು.

1934ರಲ್ಲಿ ಅಮೆರಿಕದ ಸೇನಾ ಪೈಲಟ್‌ಗಳಿಗೆ ಅಂಚೆ ಸಾಗಿಸುವ ಕೆಲಸ ವಹಿಸಿದಾಗ, ಕತ್ತಲು ಮಂಜಿನಲ್ಲಿ ಮಾಪಕ ನೋಡಿ ಹಾರುವ ಅಭ್ಯಾಸವಿಲ್ಲದೆ ಹಲವರು ಕೆಲವೇ ವಾರಗಳಲ್ಲಿ ಜೀವ ಕಳೆದುಕೊಂಡರು. ಆಗ ಸೇನೆ ತಲಾ 3,500 ಡಾಲರಿನಂತೆ ಆರು ಲಿಂಕ್ ಯಂತ್ರಗಳನ್ನು ಕೊಂಡಿತು. ಎರಡನೆಯ ಮಹಾಯುದ್ಧದ ಕಾಲಕ್ಕೆ ಇಂಥ ಹತ್ತು ಸಾವಿರಕ್ಕೂ ಹೆಚ್ಚು ಯಂತ್ರಗಳು ತಯಾರಾಗಿ ಲಕ್ಷಾಂತರ ಪೈಲಟ್‌ಗಳು ಅವುಗಳಲ್ಲಿ ಕಲಿತರು. ಕಂಪ್ಯೂಟರಿಗೆ ಈ ವಿದ್ಯೆ ತಂದ ಬ್ರೂಸ್ ಆರ್ಟ್‌ವಿಕ್ ಅವರ ಕಾರ್ಯಕ್ರಮವನ್ನು ಮೈಕ್ರೋಸಾಫ್ಟ್ 1982ರಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಅದರ 2020 ಮತ್ತು 2024ರ ಆವೃತ್ತಿಗಳಲ್ಲಿ ಉಪಗ್ರಹ ಚಿತ್ರಗಳಿಂದ ಕಟ್ಟಿದ ಇಡೀ ಭೂಮಿಯೇ ಇದೆ. ಎಕ್ಸ್‌-ಪ್ಲೇನ್ ಎಂಬುದು ಇನ್ನೊಂದು. ಕಾಸು ಕೊಡಲಾಗದವರಿಗೆ ಫ್ಲೈಟ್‌ಗಿಯರ್ ಪೂರ್ತಿ ಉಚಿತ.

ಬಿಚ್ಚಿ ಜೋಡಿಸುವ ಕಾಕ್‌ಪಿಟ್‌ನ ದೊಡ್ಡಣ್ಣನನ್ನು ನೋಡಬೇಕಾದರೆ ನಮ್ಮ ಬೆಂಗಳೂರಿಗೇ ಹೋಗಬೇಕು. ಎಚ್‌ಎಎಲ್ ಮತ್ತು ಕೆನಡಾದ ಸಿಎಇ ಸಂಸ್ಥೆ ಸೇರಿ ನಡೆಸುವ 'ಹ್ಯಾಟ್ಸಾಫ್' ಹೆಲಿಕಾಪ್ಟರ್ ತರಬೇತಿ ಕೇಂದ್ರ 2010ರಲ್ಲಿ ಆರಂಭವಾಯಿತು. ಅಲ್ಲಿ ಅಲುಗಾಡುವ ತಳಪಾಯ ಒಂದೇ, ಕಾಕ್‌ಪಿಟ್‌ಗಳು ಹಲವು. ಬೆಲ್ 412 ಬೇಕೆಂದರೆ ಅದನ್ನು ತಳ್ಳಿ ಕೂರಿಸುತ್ತಾರೆ, ನಮ್ಮ ದೇಶದ್ದೇ ಆದ ಧ್ರುವ್ ಬೇಕೆಂದರೆ ಅದನ್ನು ಹೊರಗೆಳೆದು ಇದನ್ನು ತಳ್ಳುತ್ತಾರೆ. ಹೊರಗೆ ನಿಂತ ಕಾಕ್‌ಪಿಟ್ ಕೂಡ ಸುಮ್ಮನಿರುವುದಿಲ್ಲ, ಅದರಲ್ಲಿ ನೆಲದ ಮೇಲೆಯೇ ಪಾಠ ನಡೆಸಬಹುದು. ಎಚ್‌ಎಎಲ್ ಅನ್ನು 1940ರಲ್ಲಿ ಮೈಸೂರು ಸರ್ಕಾರದ ನೆರವಿನಿಂದ ಆರಂಭಿಸಿದ ವಾಲ್‌ಚಂದ್ ಹೀರಾಚಂದರು ಸೋಲಾಪುರದವರು ಎಂಬುದನ್ನು ಮಹಾರಾಷ್ಟ್ರದ ಕನ್ನಡಿಗರಾದ ನಾವು ಮರೆಯುವಂತಿಲ್ಲ.

ಹೊಲ ಮಾರುವ ಮಾತು

ಹುಡುಗನಿಗೆ ಇದು ಬರೀ ಹವ್ಯಾಸವಾಗಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಅವನಿಗೆ ಪೈಲಟ್ ಆಗಬೇಕು. ಭಾವನಿಗೆ ಇರುವುದು ಮೂರು ಎಕರೆ ಕಬ್ಬಿನ ಹೊಲ. ಮಾಮಾ ಬ್ಯಾಂಕಿನಲ್ಲಿದ್ದಾನೆ, ಸಾಲ ಮಾಡಿಸಿಕೊಡುತ್ತಾನೆ ಎಂಬುದು ಅಕ್ಕನ ನಂಬಿಕೆ.

ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ 200 ಗಂಟೆ ನಿಜವಾದ ಹಾರಾಟ ಬೇಕು. ಅದರ ಖರ್ಚು ನಲವತ್ತು ಐವತ್ತು ಲಕ್ಷವನ್ನು ಸುಲಭವಾಗಿ ದಾಟುತ್ತದೆ. ಮೇಲೆ ಯಾವ ವಿಮಾನ ಹಾರಿಸಬೇಕೋ ಅದರ ತರಬೇತಿಗೆ ಪ್ರತ್ಯೇಕ ದುಡ್ಡು. ಶಿಕ್ಷಣ ಸಾಲ ಏಳೂವರೆ ಲಕ್ಷ ಮೀರಿದರೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಭದ್ರತೆ ಕೇಳುತ್ತವೆ. ಆದರೆ ಕೃಷಿ ಜಮೀನು ಸರ್ಫೇಸಿ ಕಾಯ್ದೆಯ ವ್ಯಾಪ್ತಿಯಿಂದ ಹೊರಗಿರುವುದರಿಂದ ಅದನ್ನು ಒತ್ತೆ ಹಿಡಿಯಲು ಬ್ಯಾಂಕುಗಳು ಹಿಂಜರಿಯುತ್ತವೆ. ಎಂದ ಮೇಲೆ ರೈತನ ಮಗನಿಗೆ ಉಳಿಯುವ ದಾರಿ ಹೊಲ ಮಾರುವುದು. ಮಾರಿ ಕಲಿತು, ಕೆಲಸ ಸಿಗುವ ಹೊತ್ತಿಗೆ ವಿಮಾನ ಕಂಪನಿಗಳ ಸ್ಥಿತಿ ಹೇಗಿರುತ್ತದೆ? ಕಿಂಗ್‌ಫಿಷರ್ 2012ರಲ್ಲಿ ನಿಂತಿತು, ಜೆಟ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ. ಅಕ್ಕನಿಗೆ ಇದನ್ನು ವಿವರಿಸಿ ಹೇಳುವುದು ನನಗೆ ಸುಲಭವಾಗಲಿಲ್ಲ. 'ನೀನು ಬ್ಯಾಂಕಿನ ಬಾಯಿಂದ ಮಾತಾಡ್ತಿ' ಎಂದಳು. ಅವಳ ಮಾತಿನಲ್ಲೂ ಸುಳ್ಳಿಲ್ಲ.

ಮನೆಯ ಕಾಕ್‌ಪಿಟ್‌ನಲ್ಲಿ ಕಳೆದ ಗಂಟೆಗಳಲ್ಲಿ ಒಂದು ನಿಮಿಷವೂ ಡಿಜಿಸಿಎ ಲೆಕ್ಕಕ್ಕೆ ಬರುವುದಿಲ್ಲ ಎಂಬುದನ್ನು ಇಲ್ಲಿ ಖಂಡಿತವಾಗಿ ಹೇಳಬೇಕಾಗಿದೆ. ಅನುಮೋದಿತ ಸಿಮ್ಯುಲೇಟರ್ ಬೇರೆ, ಇದು ಬೇರೆ. ಇದನ್ನು ಕಟ್ಟಿದರೆ ಪೈಲಟ್ ಆದಂತೆ ಎಂದು ಯಾರಾದರೂ ಹೇಳಿ ಕೋರ್ಸು ಮಾರಲು ಬಂದರೆ ಅವರನ್ನು ಬಾಗಿಲಿನಿಂದಲೇ ಕಳಿಸುವುದು ಲೇಸು. ಹಾಗಾದರೆ ಇದರ ಉಪಯೋಗ? ಸ್ವಿಚ್ಚು ಎಲ್ಲಿದೆ, ಯಾವುದರ ನಂತರ ಯಾವುದು ಎಂಬುದು ಬೆರಳಿಗೆ ಅಭ್ಯಾಸವಾಗುತ್ತದೆ. ಆಸೆ ಗಟ್ಟಿಯೋ ಜೊಳ್ಳೋ ಎಂದು ಹೊಲ ಮಾರುವ ಮೊದಲೇ ಗೊತ್ತಾಗುತ್ತದೆ. ಅವನು ತಿಂಗಳಿಗೆ ಎರಡು ಸಾವಿರ ಎತ್ತಿಟ್ಟು ಒಂದೊಂದೇ ಪೆಟ್ಟಿಗೆ ಮುಗಿಸುತ್ತಾ ಬಂದಿದ್ದಾನೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಆರ್‌.ಡಿ. ಕಟ್ಟಿದ ಹಾಗೆ. ಲಾಜಿಟೆಕ್, ಥ್ರಸ್ಟ್‌ಮಾಸ್ಟರ್ ಮುಂತಾದ ಸಿದ್ಧ ಯೋಕ್, ಪೆಡಲುಗಳನ್ನು ಕ್ರೆಡಿಟ್ ಕಾರ್ಡಿನಲ್ಲಿ ಒಮ್ಮೆಗೇ ಕೊಂಡವರು ಆರು ತಿಂಗಳಿಗೆ ಬೇಸತ್ತು ಅರ್ಧ ಬೆಲೆಗೆ ಮಾರುವುದನ್ನೂ ಅವನು ನೋಡಿದ್ದಾನೆ. ಅರ್ಧ ಬೆಲೆಗೆ ಕೊಂಡವನೂ ಅವನೇ!

ನನ್ನ ಒತ್ತಾಯಕ್ಕೆ ಅವನು ಮೊದಲು ಮಾಡಿದ ಕೆಲಸ ಡಿಜಿಸಿಎ ಮಾನ್ಯತೆಯ ವೈದ್ಯರಲ್ಲಿ ಎರಡನೆಯ ದರ್ಜೆಯ ವೈದ್ಯಕೀಯ ತಪಾಸಣೆ. ಬಣ್ಣ ಗುರುತಿಸುವ ಪರೀಕ್ಷೆಯೂ ಅದರಲ್ಲಿದೆ. ಲಕ್ಷಾಂತರ ಸುರಿದ ಮೇಲೆ ಬಣ್ಣಗುರುಡು ಎಂದು ತಿಳಿಯುವುದಕ್ಕಿಂತ ಮೊದಲೇ ತಿಳಿಯುವುದು ಒಳಿತಲ್ಲವೇ? ಅವನು ಪಾಸಾದ. ಈಗ ಪಥನಿರ್ದೇಶನ, ಹವಾಮಾನ, ವಾಯುನಿಯಮ ಮುಂತಾದ ಲಿಖಿತ ಪರೀಕ್ಷೆಗಳಿಗೆ ಶಿಫ್ಟು ಮುಗಿಸಿ ಬಂದು ಓದುತ್ತಿದ್ದಾನೆ. ಹೊಲ ಇನ್ನೂ ಭಾವನ ಹೆಸರಿನಲ್ಲೇ ಇದೆ.

ಬಜ್ಪೆಯ ಗುಡ್ಡ

ಅವನ ಜೊತೆ ನಾನು ಹೆಚ್ಚು ಸಲ ಹಾರಿದ್ದು ಪುಣೆ-ಬೆಳಗಾವಿ ದಾರಿ. ಬಸ್ಸಿನಲ್ಲಿ ರಾತ್ರಿಯಿಡೀ ಜೋಮು ಹಿಡಿದು ಹೋಗುವ ದಾರಿಯನ್ನೇ ಸೆಸ್ನಾದಲ್ಲಿ ಒಂದೂವರೆ ಗಂಟೆಯಲ್ಲಿ ಮುಗಿಸಬಹುದು. ಬಲಗಡೆ ಉದ್ದಕ್ಕೂ ಸಹ್ಯಾದ್ರಿ, ಕರಾಡದಲ್ಲಿ ಕೃಷ್ಣೆ-ಕೊಯ್ನೆ ಕೂಡುವುದು, ಕೊಲ್ಲಾಪುರದ ರಂಕಾಳ ಕೆರೆ, ನಿಪ್ಪಾಣಿ ಬಂತೆಂದರೆ ನಮ್ಮ ನೆಲ. ಆದರೆ ಹುಡುಗ ಮತ್ತೆ ಮತ್ತೆ ಅಭ್ಯಾಸ ಮಾಡುವುದು ಬೆಳಗಾವಿಯನ್ನಲ್ಲ, ಮಂಗಳೂರಿನ ಬಜ್ಪೆಯನ್ನು.

2010ರ ಮೇ 22ರ ಮುಂಜಾನೆಯನ್ನು ಪುಣೆ-ಮುಂಬಯಿಯ ತುಳು-ಕನ್ನಡಿಗರು ಮರೆತಿಲ್ಲ. ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ 737 ವಿಮಾನ ಗುಡ್ಡದ ನೆತ್ತಿಯ ರನ್‌ವೇಯನ್ನು ದಾಟಿ ಕಣಿವೆಗೆ ಬಿದ್ದು 158 ಜನ ತೀರಿಕೊಂಡರು, ಉಳಿದವರು ಎಂಟೇ ಜನ. ತನಿಖಾ ವರದಿ ಹೇಳುವುದಿಷ್ಟು: ಇಳಿಯುವಾಗ ವಿಮಾನ ಇರಬೇಕಾದುದಕ್ಕಿಂತ ಎತ್ತರದಲ್ಲಿತ್ತು. ಇಳಿಯಬೇಡಿ, ಮತ್ತೆ ಮೇಲೇರಿ ಸುತ್ತಿ ಬನ್ನಿ ಎಂಬರ್ಥದಲ್ಲಿ ಸಹಪೈಲಟ್ ಮೂರು ಬಾರಿ 'ಗೋ ಅರೌಂಡ್' ಎಂದರು. ವಿಮಾನದ ಎಚ್ಚರಿಕೆ ಯಂತ್ರವೂ ಕೂಗಿತು. ಕ್ಯಾಪ್ಟನ್ ಇಳಿಸುವುದನ್ನು ನಿಲ್ಲಿಸಲಿಲ್ಲ. ಸುಮಾರು ಎಂಟು ಸಾವಿರ ಅಡಿಯ ರನ್‌ವೇಯಲ್ಲಿ ಐದು ಸಾವಿರಕ್ಕೂ ಹೆಚ್ಚು ಅಡಿ ಕಳೆದ ಮೇಲೆ ಚಕ್ರ ನೆಲ ಮುಟ್ಟಿತ್ತು.

ಸತ್ತವರ ಮನೆಯವರು ನಮ್ಮ ನಡುವೆಯೇ ಇರುವಾಗ ಇದನ್ನು ಆಟದಂತೆ ಆಡಬಾರದು ಎಂದು ನಾನು ಹುಡುಗನಿಗೆ ಹೇಳಿದ್ದೆ. ಅವನು ಆಡುತ್ತಿರಲಿಲ್ಲ. ಅವನ ಅಭ್ಯಾಸ ಇಳಿಯುವುದಲ್ಲ, ಇಳಿಯದಿರುವುದು. ರನ್‌ವೇಗಿಂತ ಸಾವಿರ ಅಡಿ ಮೇಲಿರುವಾಗ ವೇಗ, ಇಳಿತದ ದರ, ಫ್ಲಾಪು, ಚಕ್ರ ಎಲ್ಲವೂ ಹದಕ್ಕೆ ಬಂದಿರಬೇಕು, ಬಂದಿಲ್ಲವಾದರೆ ವಾದವಿಲ್ಲದೆ ಮೇಲೇರಬೇಕು. ಅದಕ್ಕೆ 737ರ ಥ್ರಾಟಲ್ ಹಿಡಿಯಲ್ಲೇ ಒಂದು ಒತ್ತುಗುಂಡಿ ಇರುತ್ತದೆ. ಅವನ ಕಾಕ್‌ಪಿಟ್‌ನಲ್ಲಿ ಅದು ತಾಪಕೀರ್ ಗಲ್ಲಿಯಲ್ಲಿ ಕೊಂಡ ಕೆಲವೇ ರೂಪಾಯಿಯ ಗುಂಡಿ. ವಹಿಯಲ್ಲಿ ಅವನು ಇಳಿದ ಲೆಕ್ಕದ ಪಕ್ಕದಲ್ಲೇ ಇಳಿಯದೆ ಮರಳಿದ ಲೆಕ್ಕವನ್ನೂ ಬರೆಯುತ್ತಾನೆ.

ಹೀಗಾಗಿ ಅವನ ಹೊಸ ಪೆಟ್ಟಿಗೆ ಯಾವುದೆಂದರೆ ಎರಡನೆಯ ಕುರ್ಚಿ. ಜುನಾ ಬಜಾರಿನ ಹಳೆಯ ಮಾರುತಿ ಸೀಟು, ಕೆಳಗೆ ಅದೇ ಅಲ್ಯೂಮಿನಿಯಂ ಚೌಕಟ್ಟು. ಅದರಲ್ಲಿ ಕೂರುವವನು ನಾನು. ನನ್ನ ಕೆಲಸ ಎತ್ತರದ ಅಂಕಿ ಓದಿ ಹೇಳುವುದು, ಮಿತಿ ತಪ್ಪಿದರೆ 'ಗೋ ಅರೌಂಡ್' ಎನ್ನುವುದು. ಇದು ನನಗೆ ಹೊಸದಲ್ಲ. ಬ್ಯಾಂಕಿನಲ್ಲಿ ಒಬ್ಬರು ವೋಚರ್ ಹಾಕಿದರೆ ಇನ್ನೊಬ್ಬರು ನೋಡಿ ಪಾಸು ಮಾಡಬೇಕು, ಮೇಕರ್-ಚೆಕರ್ ಎನ್ನುತ್ತೇವೆ. ಮೇಲಿನವರು ತಪ್ಪು ನಮೂದು ಮಾಡಿದಾಗ ಕೆಳಗಿನವರ ಗಂಟಲು ಕಟ್ಟುತ್ತದೆ ಎಂಬುದೂ ಕೌಂಟರಿನಲ್ಲಿ ಮೂವತ್ತು ವರ್ಷ ಕಳೆದವರಿಗೆಲ್ಲ ಗೊತ್ತು. ಮೊದಲ ದಿನ ನಾನು ಮೆಲ್ಲಗೆ ಹೇಳಿದೆ. 'ಮಾಮಾ, ಜೋರಾಗಿ ಹೇಳ್ರಿ, ನನಗ ಕೇಳಸ್ಬೇಕು' ಎಂದ. ಈಗ ಪಕ್ಕದ ಮನೆಯವರಿಗೂ ಕೇಳುವಂತೆ ಹೇಳುತ್ತೇನೆ. ನಾನು ಹೇಳಿದ ಮೇಲೆ ಅವನು ಒಮ್ಮೆಯೂ ಇಳಿಸಿಲ್ಲ.

ಬರುವ ರಾಜ್ಯೋತ್ಸವದ ಸಮಾರಂಭದಲ್ಲಿ ಈ ಕಾಕ್‌ಪಿಟ್ ಅನ್ನು ಸಭಾಗೃಹದ ಒಂದು ಮೂಲೆಯಲ್ಲಿ ಇಡಲು ಕೇಳಿಕೊಂಡಿದ್ದೇವೆ. ಸಾಮಾನು ಎರಡು ರಿಕ್ಷಾ ಟೆಂಪೋಗಳಲ್ಲಿ ಬರುತ್ತದೆ, ಬೇಕಾಗಿರುವುದು ಒಂದು ಹದಿನೈದು ಆಂಪಿಯರ್ ಸಾಕೆಟ್ಟು ಮತ್ತು ಹತ್ತಡಿ ಜಾಗ. ಮಕ್ಕಳು ಎಡಗಡೆ ಕೂರಬಹುದು. ಬಲಗಡೆ ಕುರ್ಚಿಗೆ ತಂದೆ ತಾಯಿ ಯಾರಾದರೂ ಬರಬೇಕೆಂಬುದು ಹುಡುಗನ ಷರತ್ತು. ಬರುವವರು ಓದುವ ಕನ್ನಡಕ ಮರೆಯಬಾರದು, ಎತ್ತರದ ಅಂಕಿಗಳು ಬಹಳ ಚಿಕ್ಕವು.